ಹಿಟ್ಟಿಲ್ಲದ ಬ್ರೌನಿ

ಗುರು, ಫಸ್ಟು ಕೂತ್ಕೋ. ಈಗ ತಾನೇ ನಮ್ಮನೇಲಿ ಆಗಿದ್ದನ್ನ ಹೇಳಿದ್ರೆ ನೀನು ನಂಬಲ್ಲ. ಅಲ್ಲೇ ನಿಂತ್ಕೊಂಡು ನೋಡಿದೀನಿ, ನಂಗೇ ನಂಬಕ್ಕಾಗ್ತಿಲ್ಲ. ನಮ್ಮಪ್ಪ ಇನ್ನೂ ತಟ್ಟೆ ಮುಂದೆ ಕೂತಿದಾನೆ. ಮೊಸರು ಪ್ಯಾಕೆಟ್ ತರ್ತೀನಿ ಅಂತ ಸುಳ್ಳು ಹೇಳಿ ನಿನ್ನ ಹತ್ರ ಓಡ್ಬಂದಿದೀನಿ. ನಮ್ಮನೇಲಿ ಇಂಥದ್ದೆಲ್ಲ ಆಗ್ತಾನೇ ಇರತ್ತೆ, ಬೇರೆಯವ್ರು ಟೀವೀಲಿ ನೋಡೋದು ನಮ್ಮನೇಲಿ ಅಡುಗೆಮನೇಲೇ ನಡೆಯುತ್ತೆ. ಆದ್ರೆ ಇವತ್ತಿಂದು ಬೇರೆ ಲೆವೆಲ್ಲು. ಮೊದ್ಲಿಂದ ಹೇಳ್ತೀನಿ, ಮಧ್ಯ ಬಾಯಿ ಹಾಕ್ಬೇಡ.

ಹೊತ್ತಿಗೆ ಎರಡೇ

ನಮ್ಮಪ್ಪ ಬಿಟಿಎಂ ಲೇಔಟ್ ಲೇಔಟ್ ಆಗೋಕ್ ಮುಂಚೆ ಇಲ್ಲೇ ರಾಗಿ ಬೆಳೀತಿದ್ದೋನು. ಈಗ ಅದೇ ಹೊಲದ ಮೇಲೆ ಮೂರಂತಸ್ತು ಎಬ್ಬಿಸಿ ಬಾಡಿಗೆ ಬೆಳೀತಾನೆ. ಹೊಲ ಹೋಯ್ತು, ರಾಗಿ ಮಾತ್ರ ಹೋಗ್ಲಿಲ್ಲ. ದಿನಾ ಮುದ್ದೆ ಬೇಕು. ಅದನ್ನ ಅವನು ಮುದ್ದೆ ಅನ್ನಲ್ಲ, ಹಿಟ್ಟು ಅಂತಾನೆ. “ಹಿಟ್ಟು ಉಂಡ್ಯಾ?” ಅಂದ್ರೆ ಊಟ ಆಯ್ತಾ ಅಂತ.

ಹೋದ ತಿಂಗಳು ಶುಗರ್ ಚೆಕ್ ಮಾಡ್ಸಕ್ಕೆ ಜಯನಗರಕ್ಕೆ ಕರ್ಕೊಂಡ್ ಹೋದೆ. ಡಾಕ್ಟ್ರು ಮಂಗ್ಳೂರ್ ಕಡೆಯೋರು. ಅವ್ರ ಪ್ರಕಾರ ಹಿಟ್ಟು ಅಂದ್ರೆ ಡಬ್ಬದಲ್ಲಿರೋ ಪುಡಿ.

“ಯಜಮಾನ್ರೇ, ಶುಗರ್ ಜಾಸ್ತಿ ಇದೆ. ಹಿಟ್ಟು ಕಡಿಮೆ ಮಾಡ್ಬೇಕು ನೀವು.”

“ಕಮ್ಮೀನೇ ಸ್ವಾಮಿ. ಹೊತ್ತಿಗೆ ಎರಡೇ.”

“ಎರಡು ಚಮಚವಾ?”

ನಮ್ಮಪ್ಪ ಎರಡೂ ಕೈ ಸೇರಿಸಿ ಗುಂಡಗೆ ಮಾಡಿ ತೋರಿಸ್ದ. ಡಾಕ್ಟ್ರಿಗೆ ಅರ್ಥ ಆಗ್ಲಿಲ್ಲ. ಮೇಜಿನ ಮೇಲಿದ್ದ ಗಾಜಿನ ಗುಂಡು, ಅದೇ ಪೇಪರ್ ಹಾರದ ಹಾಗೆ ಇಡ್ತಾರಲ್ಲ, ಅದನ್ನ ಎತ್ತಿ ಹಿಡಿದು, “ಇಷ್ಟು ದೊಡ್ಡದಾ?” ಅಂದ್ರು.

ನಮ್ಮಪ್ಪ ನಕ್ಕ. “ಅದು ಕೂಸುಗಳ್ಗೆ ಸ್ವಾಮಿ.”

ಅವತ್ತಿಂದ ಮನೇಲಿ ಮುದ್ದೆ ಬಂದ್.

ಯಾರಿಗ್ಲಾ ಲೋ ಅಂತೀಯಾ

ಅದೇ ಟೈಮಿಗೆ ನಮ್ಮ ಬಿಲ್ಡಿಂಗ್ ಕೆಳಗಿನ ಅಂಗಡಿ ಖಾಲಿ ಆಯ್ತು. ನಂಗೆ ಕೇಕ್ ಅಂಗಡಿ ಹುಚ್ಚು, ನಿಂಗೊತ್ತು. ಗಾಜಿನ ಶೋಕೇಸು, ಒಳಗೆ ಲೈಟು, ಗುಲಾಬಿ ಬಣ್ಣದ ಡಬ್ಬ, ಎಲ್ಲಾ ತಲೇಲಿ ರೆಡಿ. ಅಪ್ಪನ್ನ ಕೇಳಿದ್ರೆ, “ಕೇಕು ಅಂದ್ರೆ ವರ್ಷಕ್ಕೊಂದಪ ಮೂತಿಗೆ ಬಳ್ಕೊಳ್ಳೋದು. ದಿನಾ ಯಾವನ್ಲಾ ತಿಂತಾನೆ?” ಅಂದ. ಮೊಬೈಲ್ ಕರೆನ್ಸಿ ಹಾಕೋ ಒಬ್ಬ ಆಸಾಮಿ ಅಂಗಡಿ ಕೇಳಿದಾನಂತೆ, ಭಾನುವಾರ ಅಡ್ವಾನ್ಸ್ ತರ್ತಾನಂತೆ.

ನಾನು ಅಳೋ ಥರ ಮುಖ ಮಾಡ್ದೆ. ಅಮ್ಮ ಒಂದು ಮಾತು ಸೇರಿಸಿದ್ಲು. ಕೊನೆಗೆ ಅಪ್ಪ ಅಂದ, “ಸರಿ. ಭಾನುವಾರ ಆ ಕರೆನ್ಸಿಯೋನು ಎದ್ದು ಹೋಗೋದ್ರೊಳಗೆ ನೀನು ಮಾಡಿದ್ದು ಒಂದು ತಿಂದು ನನ್ ಬಾಯಲ್ಲಿ ‘ಇನ್ನೊಂದು ಇಕ್ಕು’ ಅಂತ ಬರ್ಲಿ. ಅಂಗಡಿ ನಿಂದು. ಬರ್ಲಿಲ್ಲ, ಅವನ್ದು.”

ಸಕ್ಕರೆ ಕಾಯಿಲೆ ಮನುಷ್ಯಂಗೆ ಏನ್ ಕೇಕ್ ತಿನ್ಸೋದು ಗುರು? ಸೈಬರ್ ಸೆಂಟರ್‌ಗೆ ಹೋಗಿ ಕೂತೆ. ಸಿಕ್ತು. ಲೋ ಕಾರ್ಬ್ ಚಾಕ್ಲೇಟ್ ಬ್ರೌನಿ. ಮೈದಾ ಇಲ್ಲ, ಸಕ್ಕರೆ ಇಲ್ಲ. ಕೋಕೋ ಪುಡಿ, ಬಾದಾಮಿ, ಬೆಣ್ಣೆ, ಮೊಟ್ಟೆ, ಸಕ್ಕರೆ ಬದ್ಲು ಸಿಹಿ ಮಾತ್ರೆ. ಖುಷೀಲಿ ಓಡ್ಬಂದು ಬಾಗ್ಲಲ್ಲೇ ಕೂಗ್ದೆ, “ಅಪ್ಪಾ, ಲೋ ಕಾರ್ಬ್.”

ಅಪ್ಪ ಪೇಪರ್ ಕೆಳಗಿಟ್ಟ. “ಯಾರಿಗ್ಲಾ ಲೋ ಅಂತೀಯಾ?”

“ನಿಂಗಲ್ಲಪ್ಪ, ಅದು ತಿಂಡಿ.”

“ತಿಂಡಿಗಾದ್ರೂ ಯಾಕ್ಲಾ ಲೋ ಅಂತೀಯಾ, ತಿನ್ನೋ ವಸ್ತು ಅದು.”

ಹೂವು ಬೇಡ್ವಾ

ಸಾಮಾನು ತರಕ್ಕೆ ಬನಶಂಕರೀಲಿ ಒಂದು ಬೇಕರಿಗೆ ಹೋದೆ. ಗಲ್ಲಾದಲ್ಲಿ ಕೂತಿದ್ದ ಅಂಕಲ್ಲಿಗೆ ಸ್ಟೈಲಾಗಿ ಇಂಗ್ಲಿಷಲ್ಲಿ ಹೇಳ್ದೆ, “ಅಂಕಲ್, ಫ್ಲೋರ್‌ಲೆಸ್ ಬ್ರೌನಿ ಮಾಡ್ಬೇಕು.”

“ಫ್ಲವರ್ ಇಲ್ದೆ ತಾನೇ? ಆರಾಮಾಗಿ ಮಾಡ್ಕೊಡ್ತೀವಿ. ಮೇಲೆ ಬರೀ ಹೆಸರು ಬರ್ಸೋಣ. ಯಾರ ಬರ್ತ್‌ಡೇ?”

“ಹೂವಲ್ಲ ಅಂಕಲ್, ಹಿಟ್ಟು. ಹಿಟ್ಟಿಲ್ದೆ, ಸಕ್ಕರೆ ಇಲ್ದೆ.”

ಅವ್ರು ಕನ್ನಡಕ ತೆಗೆದು ಒರೆಸ್ಕೊಂಡ್ರು. ಆ ಗ್ಯಾಪಲ್ಲಿ ನನ್ನ ಮುಖಾನೂ ಒಂದ್ಸಲ ನೋಡಿದ್ರು. ಆಮೇಲೆ ಅವ್ರದೇ ಬೋರ್ಡ್ ಕಡೆ ಬೆರಳು ತೋರಿಸಿದ್ರು. ಅಲ್ಲಿ ದೊಡ್ಡದಾಗಿ ‘ನಮ್ಮಲ್ಲಿ ಮೊಟ್ಟೆ ಇಲ್ಲದ ಕೇಕ್ ದೊರೆಯುತ್ತದೆ’ ಅಂತ ಬರ್ದಿತ್ತು.

“ನೋಡಪ್ಪ, ನಾವು ಮೊಟ್ಟೆ ಇಲ್ದೆ ಮಾಡ್ತೀವಿ. ನೀನು ಹಿಟ್ಟಿಲ್ದೆ, ಸಕ್ಕರೆ ಇಲ್ದೆ ಮಾಡ್ತೀಯ. ಇಬ್ರೂ ಪಾರ್ಟ್ನರ್ ಆಗೋಣ. ಖಾಲಿ ಡಬ್ಬಾನೇ ಮಾರ್ಬೋದು.”

ಕೋಕೋ ಪುಡಿ ಕೊಟ್ರು, ಅದು ಬೇರೆ ವಿಷ್ಯ. ಕೊಡ್ತಾ ಒಳಗಿದ್ದೋರ್ನೆಲ್ಲ ಕರೆದು ನನ್ನ ತೋರಿಸಿದ್ರು.

ಅದ್ಯಾಕ್ ಹಾಕ್ತೀನಿ ಆಂಟಿ

ಇನ್ನು ಓವನ್ನು. ಮೇಲ್ಗಡೆ ಬಾಡಿಗೆಗಿರೋ ಆಂಟಿ ಹತ್ರ ಇದೆ, ದುಂಡಗೆ, ಅಲ್ಯೂಮಿನಿಯಂದು, ಮುಚ್ಚಳದಲ್ಲಿ ಗಾಜಿನ ಕಿಟಕಿ ಇರತ್ತಲ್ಲ, ಅದು. ಅವ್ರು ಗದಗ ಕಡೆಯೋರು. ಕೇಳಿದ ತಕ್ಷಣ ಒಪ್ಕೊಂಡ್ರು.

“ಓವನ್ ಕೊಡ್ತೇನಪಾ ತಮ್ಮಾ. ಆದ್ರ ಅದ್ರಾಗ ತತ್ತಿ ಹಾಕಂಗಿಲ್ಲ ನೋಡು.”

ನಮ್ಮ ಆಫೀಸಲ್ಲಿ ಹಿಂದಿ ಹುಡುಗ್ರಿದಾರೆ, ಅವ್ರು ಹೆಚ್ಚುಕಮ್ಮಿ ಇದೇ ಪದಾನ ಅರ್ಜೆಂಟಾಗಿ ಬಾತ್‌ರೂಮ್‌ಗೆ ಹೋಗ್ಬೇಕಾದ್ರೆ ಬಳಸ್ತಾರೆ. ಆಂಟಿ ನನ್ನ ಬಗ್ಗೆ ಏನ್ ಅಂದ್ಕೊಂಡಿದಾರೆ ಅಂತ ಬೇಜಾರಾಯ್ತು.

“ಅಯ್ಯೋ, ಅದ್ಯಾಕ್ ಹಾಕ್ತೀನಿ ಆಂಟಿ. ಅಮ್ಮನ ಆಣೆಗೂ ಹಾಕಲ್ಲ.”

“ಹಂಗಲ್ಲ, ಕೆಲವ್ರು ಕೇಕಿಗೆ ಹಾಕ್ತಾರಂತ.”

“ಯಾವ ಊರಲ್ಲಿ ಆಂಟಿ?”

“ಇಲ್ಲೇ ಬೆಂಗ್ಳೂರಾಗ. ಎಲ್ಲಾ ಬೇಕರ್ಯಾಗೂ.”

ಗುರು, ಒಂದು ವಾರ ನಾನು ಪಫ್ ಕೂಡ ಮುಟ್ಟಲ್ಲ ಅಂತ ಅಲ್ಲೇ ಡಿಸೈಡ್ ಮಾಡ್ಬಿಟ್ಟೆ. ಓವನ್ ತಗೊಂಡು ಬಂದು, ಆಂಟಿ ನೋಡ್ಲಿ ಅಂತ ಪ್ರೀತಿಯಿಂದ ಕೆಳಗೆ ಕರ್ದು, ಅವ್ರೆದುರಿಗೇ ಬಟ್ಲಿಗೆ ಒಂದು ಮೊಟ್ಟೆ ಒಡೆದೆ. ಆಂಟಿ ಗೋಡೆ ಹಿಡ್ಕೊಂಡ್ರು.

“ಇದೇನೋ ತಮ್ಮಾ?”

“ಮೊಟ್ಟೆ ಆಂಟಿ.”

“ಅದನ್ನ ನಾವು ತತ್ತಿ ಅಂತೀವೋ.”

ಅವ್ರು ಮೆಟ್ಲು ಹತ್ತಿ ಅರ್ಧಕ್ಕೆ ನಿಂತು, “ಓವನ್ ನೀನ ಇಟ್ಕೊ, ವಾಪಸ್ ತರಬ್ಯಾಡ,” ಅಂದ್ರು. ಆಮೇಲೆ ಬೇಯೋವಾಗ ಘಮ ಮೇಲಕ್ಕೆ ಹೋಯ್ತು ನೋಡು, ಬಾಲ್ಕನಿಯಿಂದ ಬಗ್ಗಿ ಕೇಳಿದ್ರು, “ವಾಸನಿ ಛಲೋ ಬರಾಕತ್ತೇತಿ. ಬಾಗ್ಲ ತೆಗೆದಿಡು, ನಾ ವಾಸನಿನ ತಿಂತೇನಿ.”

ಅದ್ನೂ ಹಾಕ್ಬಿಡು

ಮೊದಲ ಟ್ರಯಲ್ ಶುಕ್ರವಾರ. ನಾನು ಕುಟ್ಟಾಣೀಲಿ ಸಿಹಿ ಮಾತ್ರೆ ಕುಟ್ತಾ ಇದ್ದೆ. ಅಮ್ಮ ಹಿಂದೆ ಬಂದು ನಿಂತು, “ಅದೇನೋ, ಅಪ್ಪನ ಶುಗರ್ ಮಾತ್ರೇನಾ?” ಅಂದ್ಲು.

“ಇದು ಸಿಹಿ ಬರೋ ಮಾತ್ರೆ ಅಮ್ಮ.”

“ಹೋಗೋ ಮಾತ್ರೇನೂ ಹಾಕ್ಬಿಡು. ಕೈಗೆ ಕೊಟ್ರೆ ಕಿಟಕಿಯಿಂದ ಎಸೀತಾರೆ. ಅದ್ರಲ್ಲೇ ಹೊಟ್ಟೆಗೆ ಹೋಗ್ಲಿ.”

ಅದನ್ನ ಹಾಕ್ಬಾರ್ದು ಅಂತ ಅರ್ಥ ಮಾಡ್ಸೋಷ್ಟರಲ್ಲಿ ಸಿಹಿ ಮಾತ್ರೆ ಎಷ್ಟು ಹಾಕ್ದೆ ಅನ್ನೋದೇ ಮರೆತೋಯ್ತು. ಎಲ್ಲಾ ಹಾಕ್ದೆ. ಬ್ರೌನಿ ಕಹಿ. ಸಿಹಿ ಜಾಸ್ತಿ ಆದ್ರೂ ಕಹಿ ಆಗತ್ತೆ ಅಂತ ಯಾವ ಸ್ಕೂಲಲ್ಲೂ ಹೇಳ್ಕೊಡಲ್ಲ. ಮೇಲೆ ಜಿಡ್ಡು ಬೇರೆ, ಬೆಣ್ಣೆ ಎಲ್ಲಾ ಹೊರಗೆ ಬಂದು ಕೂತಿತ್ತು. ಅದನ್ನೇ ನಿಂಗೆ ತಂದ್ಕೊಟ್ಟಿದ್ದು. ನೀನು ಏನಂದೆ ಜ್ಞಾಪಕ ಇದ್ಯಾ? “ಮಗಾ, ಇದು ತಿನ್ನೋದಾ, ಹಚ್ಕೊಳ್ಳೋದಾ?” ಅಂತ. ನಾನು ಮರ್ತಿಲ್ಲ ಅದನ್ನ.

ಇವತ್ತು

ಇವತ್ತು ಭಾನುವಾರ. ಸಿಹಿ ತುಂಬಾ ಕಮ್ಮಿ ಹಾಕ್ದೆ, ಬಾದಾಮಿ ಜಾಸ್ತಿ ಹಾಕ್ದೆ. ಟಿನ್ನು ಓವನ್ ಒಳಗಿಟ್ಟೆ. ಗಾಜಲ್ಲಿ ನೋಡ್ತಾ ಇದೀನಿ, ಉಬ್ತಾ ಇದೆ, ನನ್ನ ಎದೇನೂ ಉಬ್ತಾ ಇದೆ. ಹಾಲ್‌ನಲ್ಲಿ ಕರೆನ್ಸಿ ಆಸಾಮಿ ಬಂದು ಕೂತಾಗಿದೆ, ಜೇಬಲ್ಲಿ ಅಡ್ವಾನ್ಸು. ಅಪ್ಪ ಅವಂಗೆ “ಉಂಡ್ಕೊಂಡೇ ಹೋಗಪ್ಪ” ಅಂತಿದಾನೆ.

ಕರೆಂಟ್ ಹೋಯ್ತು.

ಅರ್ಧ ಬೆಂದಿದೆ ಗುರು. ಅಂಚು ಗಟ್ಟಿ, ನಡು ಗೊಜ್ಜು. ನಾನು ಟೆರೇಸಿಗೆ ಓಡಿ ಪಕ್ಕದ ಬೀದೀಲಿ ಕರೆಂಟ್ ಇದ್ಯಾ ಅಂತ ನೋಡ್ದೆ, ಅಲ್ಲೂ ಇಲ್ಲ. ವಾಪಸ್ ಬಂದು ನೋಡ್ತೀನಿ, ಓವನ್ ಖಾಲಿ. ಅಮ್ಮ ಅದನ್ನೆಲ್ಲ ಬಳಿದು ಪಾತ್ರೆಗೆ ಸುರ್ಕೊಂಡು, ಗ್ಯಾಸ್ ಮೇಲಿಟ್ಟು, ಮುದ್ದೆ ಕೋಲಲ್ಲಿ ತಿರುವ್ತಾ ಇದಾಳೆ.

“ಅಮ್ಮಾ, ಏನ್ ಮಾಡ್ತಿದ್ಯಾ?”

“ಕರೆಂಟ್ ನಂಬ್ಕೊಂಡು ಕೂರಕ್ಕಾಗತ್ತೇನೋ. ಮೊಟ್ಟೆ ಹಸಿ ಇದೆ, ಬೇಯ್ಲಿ.”

ಬೆಂದ್ಮೇಲೆ ಪಾತ್ರೆನ ನೆಲಕ್ಕಿಳಿಸಿ, ಎರಡೂ ಕಾಲಲ್ಲಿ ಒತ್ತಿ ಹಿಡ್ಕೊಂಡು ತಿರುವಿದ್ಲು ನೋಡು, ಒಂದು ಗಂಟಿಲ್ಲ. ಕಪ್ಪಗೆ, ಬಿಸಿಬಿಸಿ, ಹೊಗೆ ಆಡ್ತಾ ಇದೆ. ಅದನ್ನ ನೋಡಿದ್ಮೇಲೆ ಅವಳ ಕೈ ಸುಮ್ನಿರತ್ತಾ? ಇಷ್ಟು ವರ್ಷದ ಅಭ್ಯಾಸ. ಯೋಚ್ನೇನೇ ಮಾಡ್ದೆ ಕೈ ನೀರಲ್ಲಿ ಅದ್ದಿ, ಮಣೆ ಮೇಲೆ ಹಾಕಿ, ಉರುಳಿಸಿ ಉರುಳಿಸಿ ಗುಂಡಗೆ ಕಟ್ಬಿಟ್ಲು. ಕಟ್ಟಿ ಆದ್ಮೇಲೆ ನೋಡಿ ಅವಳೇ ಬೆಚ್ಚಿಬಿದ್ಲು. ಬ್ರೌನಿ ಅಲ್ಲ ಗುರು. ಅಚ್ಚು ರಾಗಿ ಮುದ್ದೆ. ಮೇಲೆ ಅದೇ ಹೊಳಪು.

ಅಷ್ಟರಲ್ಲಿ ಅಪ್ಪ ಒಳಗೆ ಬಂದ. ಒಂದು ತಿಂಗಳಿಂದ ಸೌತೆಕಾಯಿ, ಹುರುಳಿಕಾಯಿ ತಿಂದ್ಕೊಂಡಿರೋ ಮನುಷ್ಯ. ಮಣೆ ಮೇಲೆ ಸಾಲಾಗಿ ಕೂತಿರೋದನ್ನ ನೋಡ್ದ. ಬಾಗ್ಲಲ್ಲೇ ನಿಂತ್ಬಿಟ್ಟ. ಕಣ್ಣು ಒದ್ದೆ ಆಯ್ತು ಅಂತ ಅನ್ಸತ್ತೆ, ನಾನು ಸರಿಯಾಗಿ ನೋಡ್ಲಿಲ್ಲ.

“ಹಿಟ್ಟು ಮಾಡಿದ್ಯಾ?” ಅಂದ, ಮೆಲ್ಲಗೆ.

ಅಮ್ಮ ನನ್ನ ನೋಡಿದ್ಲು, ನಾನು ಅಮ್ಮನ್ನ ನೋಡ್ದೆ. ಅವನು ಆಗ್ಲೇ ತಟ್ಟೆ ಎಳ್ಕೊಂಡು ಕೂತಿದ್ದ. ಸೊಪ್ಪಿನ ಬಸ್ಸಾರು ಒಲೆ ಮೇಲೇ ಇತ್ತು, ಎರಡು ಸೌಟು ತಾನೇ ಹುಯ್ಕೊಂಡ. ಕರೆನ್ಸಿಯವಂಗೂ ತಟ್ಟೆ ಇಕ್ಸಿದ. ತುತ್ತು ಮುರಿದ, ಸಾರಲ್ಲಿ ಹೊರಳಿಸಿದ, ಗುಳುಂ ಅಂತ ನುಂಗ್ದ. ಮುದ್ದೆ ಅಗಿಯಂಗಿಲ್ವಲ್ಲ, ಅದೇ ನಮ್ಮನ್ನ ಉಳಿಸಿದ್ದು. ಆ ಖಾರದ ಸಾರಲ್ಲಿ ಚಾಕ್ಲೇಟ್ ಎಲ್ಲಿ ಗೊತ್ತಾಗತ್ತೆ.

ಆದ್ರೆ ಕರೆನ್ಸಿ ಆಸಾಮಿ ಮುದ್ದೆ ಅಭ್ಯಾಸ ಇಲ್ದೋನು. ಅವನು ಅಗಿದ. ಅಗೀತಾ ಅಗೀತಾ ನಿಲ್ಲಿಸಿದ. “ಯಜಮಾನ್ರೇ, ಇದು ಸ್ವಲ್ಪ ಚಾಕ್ಲೇಟ್ ಥರ ಇಲ್ವಾ?”

ಅಪ್ಪ ತಲೆ ಎತ್ಲಿಲ್ಲ. “ಊಟದ ಹೊತ್ತಲ್ಲಿ ಚಾಕ್ಲೇಟ್ ಯಾಕಪ್ಪ ಜ್ಞಾಪಕ ಮಾಡ್ಕೊತೀಯಾ, ಮಕ್ಕಳಂಗೆ. ನುಂಗು. ಹೊಸ ರಾಗಿ ಹಂಗೇ ಇರ್ತದೆ.” ಆಮೇಲೆ ಅಮ್ಮನ ಕಡೆ ತಟ್ಟೆ ಚಾಚಿದ. “ಇನ್ನೊಂದು ಇಕ್ಕು.”

ಗುರು, ಅಂದ್ಬಿಟ್ಟ. ನನ್ನ ಕಿವೀಲಿ ಕೇಳಿದೀನಿ. ಅಮ್ಮ ಇಕ್ಕಿದ್ಲು. ಅದನ್ನೂ ನುಂಗಿ, ಒಂದು ಉದ್ದ ತೇಗು ತೇಗಿ, ನನ್ನ ಕಡೆ ತಿರುಗಿ ಏನಂದ ಗೊತ್ತಾ? “ಎಲ್ಲಪ್ಪಾ ನಿನ್ ಕೇಕು? ಆಗ್ಲಿಲ್ವಾ? ಹೋಗ್ಲಿ ಬಿಡು. ತಗೀಪ್ಪ ಅಡ್ವಾನ್ಸು.”

ಅವನು ಎಡಗೈ ಜೇಬಿಗೆ ಹಾಕಿದ. ನಂಗೆ ತಡ್ಕೊಳ್ಳಕ್ಕಾಗ್ಲಿಲ್ಲ.

“ಅಪ್ಪಾ, ನೀನು ತಿಂದಿದ್ದೇ ಅದು.”

“ಯಾವ್ದು?”

“ಕೇಕು. ಅದ್ರಲ್ಲಿ ರಾಗಿ ಇಲ್ಲ, ಒಂದು ಚಿಟಿಕೆ ಹಿಟ್ಟಿಲ್ಲ. ಬಾದಾಮಿ, ಕೋಕೋ. ಇನ್ನೊಂದು ಇಕ್ಕು ಅಂತ ನೀನೇ ಕೇಳ್ದೆ.”

ಕರೆನ್ಸಿ ಆಸಾಮಿ ಮೆಲ್ಲಗೆ, “ನಾನ್ ಹೇಳಿದ್ನಲ್ಲ,” ಅಂದ. ಅಪ್ಪ ತಟ್ಟೇಲಿ ಉಳಿದಿದ್ದ ಚೂರನ್ನ ಎತ್ತಿ ಮೂಸಿದ. ಮೊದಲ ಸಲ ಅಗಿದ. ತುಂಬಾ ಹೊತ್ತು ಅಗಿದ. ಬೈತಾನೆ, ತಟ್ಟೆ ಎಸೀತಾನೆ ಅಂತ ನಾನು ಬಾಗ್ಲು ಕಡೆ ಒಂದು ಹೆಜ್ಜೆ ಇಟ್ಟೆ.

“ಇದು ಉಂಡ್ರೆ ಶುಗರ್ ಏರಲ್ವಾ?”

“ಅಷ್ಟೇನೂ ಏರಲ್ವಂತೆ.”

“ದಿನಾ ಉಣ್ಬೋದಾ?”

“ಡಾಕ್ಟ್ರನ್ನ ಕೇಳೋಣಪ್ಪ.”

ಅಪ್ಪ ಕೈ ತೊಳ್ಕೊಂಡ. ಬಂದು ಕೂತ್ಕೊಂಡು, ಪಂಚಾಯ್ತಿ ಮಾತು ಹೇಳೋ ಥರ ಹೇಳ್ದ. “ಅಂಗಡಿ ನಿಂದು ಕಣ್ಲಾ. ಮಾತು ಕೊಟ್ಟಿದ್ದೆ, ಆಯ್ತು. ಆದ್ರೆ ಶೋಕೇಸು ಗೀಕೇಸು, ಕತ್ತರಿಸಿ ಇಡೋದು, ಅದೆಲ್ಲ ಇಲ್ಲ. ಗುಂಡಗೆ ಕಟ್ಬೇಕು. ಜೊತೇಲಿ ಬಸ್ಸಾರು ಕೊಡ್ಬೇಕು. ಬೋರ್ಡಲ್ಲಿ ‘ಹಿಟ್ಟಿಲ್ಲದ ಹಿಟ್ಟು’ ಅಂತ ಬರೀಬೇಕು. ಒಪ್ಪಿಗೇನಾ ಈಗ್ಲೇ ಹೇಳು, ಇಲ್ಲಾಂದ್ರೆ ಈ ಯಪ್ಪನ ಅಡ್ವಾನ್ಸು ಇಸ್ಕೊತೀನಿ.”

ನಾನು ಆ ಯಪ್ಪನ್ನ ನೋಡ್ದೆ. ಅವನು ಜೇಬಿಂದ ಕೈ ತೆಗೆದು, ತಟ್ಟೆ ಮುಂದಕ್ಕೆ ತಳ್ಳಿ, “ಅಕ್ಕ, ಪಾರ್ಸಲ್ ಸಿಗುತ್ತಾ?” ಅಂತ ಅಮ್ಮನ್ನ ಕೇಳ್ತಿದಾನೆ.

ಈಗ ಹೇಳು ಗುರು. ಅಂಗಡಿ ಕೈಗೆ ಬಂದಿದೆ, ಚಾಕ್ಲೇಟ್ ಬ್ರೌನಿ ಜೊತೆ ಸೊಪ್ಪಿನ ಬಸ್ಸಾರು ಮಾರ್ಬೇಕು. ಅಪ್ಪ ಉತ್ರಕ್ಕೆ ಕಾಯ್ತಿದಾನೆ. ನನ್ ಜಾಗದಲ್ಲಿ ನೀನಿದ್ದಿದ್ರೆ ಏನ್ ಮಾಡ್ತಿದ್ದೆ?