ಷೂ ಅಂಗಡಿಗೆ ಮೂರು ಅಪ್ರದಕ್ಷಿಣೆ

ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ನೆನಪು ನಿಚ್ಚಳವಾಗಿದೆ, ನಿಮಿಷ ಸಮೇತ.

ನನ್ನ ಹೆಂಡತಿ ವಿದ್ಯಾಳ ತಂಗಿ ಶ್ರುತಿ ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿ ಮನೆ ಕಟ್ಟಿಸಿದಳು. ಗೃಹಪ್ರವೇಶಕ್ಕೆ ನಾವು ಸಿಡ್ನಿಯಿಂದ ಹಿಂದಿನ ದಿನವೇ ಬಂದಿಳಿದಿದ್ದೆವು. ಹಾಲು ಉಕ್ಕಿಸುವ ಮುಹೂರ್ತ ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ ಐದು ನಿಮಿಷದೊಳಗೆ. ಆಮೇಲೆ ಅಮಾವಾಸ್ಯೆ, ಅದರ ಬೆನ್ನಿಗೇ ಆಷಾಢ. ತಪ್ಪಿದರೆ ಒಂದು ತಿಂಗಳು ಕಾಯಬೇಕು. ಅವರ ಬಾಡಿಗೆ ಮನೆ ಖಾಲಿ ಮಾಡಬೇಕಾದದ್ದು ಸೋಮವಾರ!

ಭಟ್ಟರು ಇದ್ದದ್ದು ಸಿಟಿಯ ನಡುಮಧ್ಯದ ಅಪಾರ್ಟ್‌ಮೆಂಟಿನಲ್ಲಿ. ವಾರವಿಡೀ ಸಾಫ್ಟ್‌ವೇರ್ ಟೆಸ್ಟಿಂಗ್, ವಾರದ ಕೊನೆಗೆ ಪೌರೋಹಿತ್ಯ. ಕಾರಿಲ್ಲ. ಯಾರಾದರೂ ಹೋಗಿ ಕರೆತರಬೇಕಿತ್ತು.

"ನಾನು ಹೋಗ್ತೀನಿ" ಎಂದೆ. ಯಾರೂ ನನ್ನನ್ನು ಕೇಳಿರಲಿಲ್ಲ.

ಶ್ರುತಿಯ ಗಂಡ ಪ್ರಸನ್ನ ಕಾಫಿ ಲೋಟ ಕೆಳಗಿಟ್ಟ. "ಭಾವ, ಸಿಟೀಲಿ ರಸ್ತೆ ನಡುವಿನ ಹಳಿ ಮೇಲೆ ಟ್ರಾಮ್ ಓಡಾಡುತ್ತೆ. ಅಲ್ಲಿ ಬಲಕ್ಕೆ ತಿರುಗ್ಬೇಕು ಅಂದ್ರೆ ಎಡಗಡೆ ಲೇನಿಗೆ ಹೋಗಿ, ಜಂಕ್ಷನ್ ಒಳಗೆ ಎಡಕ್ಕೇ ಒತ್ತಿ ನಿಂತು, ಅಡ್ಡ ರಸ್ತೆಗೆ ಗ್ರೀನ್ ಬಂದ್ಮೇಲೆ ಬಲಕ್ಕೆ ತಿರುಗ್ಬೇಕು. ಹುಕ್ ಟರ್ನ್ ಅಂತಾರೆ."

ಬಲಕ್ಕೆ ಹೋಗಲು ಎಡಕ್ಕೆ! ಗೃಹಪ್ರವೇಶದ ಗಡಿಬಿಡಿಯಲ್ಲಿ ಯಾರ ತಲೆಯಾದರೂ ಹೀಗಾಗುತ್ತದೆ ಎಂದು ಮನಸ್ಸಿನಲ್ಲೇ ಮರುಗಿದೆ.

"ನೋಡು ಪ್ರಸನ್ನ, ನಾನು ದಾವಣಗೆರೆ ಸಂತೆ ಬೀದೀಲಿ ಡ್ರೈವಿಂಗ್ ಕಲಿತೋನು. ಸಿಡ್ನೀಲಿ ಒಂಬತ್ತು ವರ್ಷ ಓಡ್ಸಿದೀನಿ. ಕೊಡಪ್ಪ ಕೀ."

ವಿದ್ಯಾ ಬಂದು ಪಕ್ಕದಲ್ಲಿ ಕೂತು ಬೆಲ್ಟ್ ಹಾಕಿಕೊಂಡಳು. ಆಮೇಲೆ ಅದನ್ನು ಇನ್ನೊಮ್ಮೆ ಎಳೆದು ನೋಡಿದಳು.

ಒಂಬತ್ತು ಐವತ್ತಕ್ಕೆ ಭಟ್ಟರು ಹತ್ತಿದರು. ಪಂಚೆ, ಅದರ ಮೇಲೆ ದಪ್ಪ ಜಾಕೆಟ್, ತೊಡೆಯ ಮೇಲೆ ಶಲ್ಯದಲ್ಲಿ ಸುತ್ತಿದ ಪುಟ್ಟ ಹಿತ್ತಾಳೆ ಗಣಪತಿ.

ಒಂಬತ್ತು ಐವತ್ತೈದಕ್ಕೆ ಮೊದಲ ಜಂಕ್ಷನ್ ಬಂತು. ನಾವು ಬಲಕ್ಕೆ ತಿರುಗಬೇಕಿತ್ತು. ಮೇಲೆ ಒಂದು ಫಲಕ: ಬಲಕ್ಕೆ ತಿರುಗುವವರು ಎಡದಿಂದ ಮಾತ್ರ. ಪ್ರಸನ್ನನ ತಲೆ ಸರಿಯಾಗಿಯೇ ಇತ್ತು! ಕೆಟ್ಟದ್ದು ನನ್ನದು.

ಆದರೆ ಬುದ್ಧಿವಂತನಿಗೆ ದಾರಿ ನೂರು. ಒಂದು ಬಲ ತಿರುವಿಗೆ ಬದಲಾಗಿ ಮೂರು ಎಡ ತಿರುವು ತೆಗೆದುಕೊಂಡರೆ ಅದೇ ದಿಕ್ಕು ಸಿಗುತ್ತದೆ. ಎಡ, ಎಡ, ಎಡ. ಲೆಕ್ಕ ಸರಿಯಾಗಿತ್ತು. ಈಗ ನೇರ ಹೋದರೆ ಸಾಕು. ಆದರೆ ನಾನು ನಿಂತಿದ್ದ ಸಾಲು ಎಡಕ್ಕೆ ಮಾತ್ರ ತಿರುಗುವ ಸಾಲು. ಪಕ್ಕದ ಸಾಲಿನವರು ಜಾಗ ಕೊಡಲಿಲ್ಲ. ನಾಲ್ಕನೇ ಎಡವೂ ಆಯಿತು. ಹೊರಟಲ್ಲಿಗೇ ಬಂದೆವು.

"ರೀ, ಆ ಅಂಗಡೀಲಿ ಕೆಂಪು ಷೂ ಚೆನ್ನಾಗಿದೆ" ಎಂದಳು ವಿದ್ಯಾ.

ಹನ್ನೆರಡು ನಿಮಿಷದ ನಂತರ, "ಅದೇ ಕೆಂಪು ಷೂ ಅಲ್ವಾ?"

ಇನ್ನೂ ಹನ್ನೆರಡು ನಿಮಿಷದ ನಂತರ, "ನಿಲ್ಸಿ, ತಗೊಂಡೇ ಬಿಡ್ತೀನಿ. ಪರಿಚಯ ಆಗೋಗಿದೆ."

ಹತ್ತು ಮೂವತ್ತೊಂದು. ಫೋನಿನ ನಕ್ಷೆಯ ಪ್ರಕಾರ ಈಗ ಹೊರಟರೂ ಮನೆ ತಲುಪುವುದು ಹನ್ನೊಂದು ನಾಲ್ಕಕ್ಕೆ. ಒಂದು ನಿಮಿಷ ಉಳಿಯುತ್ತಿತ್ತು! ಆಗ ಹಿಂದಿನ ಸೀಟಿನಿಂದ ಭಟ್ಟರು ಕೆಮ್ಮಿದರು.

"ಸಾರ್, ಮೂರು ಸುತ್ತಾಯ್ತು. ಆ ಅಂಗಡೀನ ಎಡಗಡೆ ಇಟ್ಕೊಂಡು ಸುತ್ತಿದೀವಿ. ಅಪ್ರದಕ್ಷಿಣೆ."

"ಅಂದ್ರೆ?"

"ಸ್ಮಶಾನದಲ್ಲಿ ಹಾಕ್ತಾರಲ್ಲ, ಅದು."

ಕಾರಿನೊಳಗೆ ಹೀಟರ್ ಇದ್ದರೂ ಚಳಿಯಾಯಿತು.

"ಭಟ್ರೇ, ನಾವು ಸುತ್ತಿದ್ದು ಗುಡಿ ಅಲ್ಲ, ಷೂ ಅಂಗಡಿ!"

"ಅಂಗಡಿ ಯಾವ್ದಾದ್ರೂ ಇರ್ಲಿ ಸಾರ್, ಗಣಪತಿ ತೊಡೆ ಮೇಲಿದಾನೆ. ತಪ್ಪು ಸುತ್ತನ್ನ ರೋಲ್‌ಬ್ಯಾಕ್ ಮಾಡಿ ಅಳಿಸದೆ ಲೈವ್‌ಗೆ ಹೋಗೋ ಹಾಗಿಲ್ಲ. ಮೂರು ಪ್ರದಕ್ಷಿಣೆ ಹಾಕ್ಬೇಕು."

ಪ್ರದಕ್ಷಿಣೆ ಎಂದರೆ ಬಲಕ್ಕೆ. ಒಂದು ಸುತ್ತಿಗೆ ನಾಲ್ಕು ಬಲ ತಿರುವು. ಮೂರು ಸುತ್ತಿಗೆ ಹನ್ನೆರಡು ಹುಕ್ ಟರ್ನ್!

"ಒಂದಕ್ಕೆ ಮುಗಿಸ್ಕೊಡಿ ಭಟ್ರೇ, ನಮ್ಮ ತಂಗಿ ಮುಖ ನೋಡಿ" ಎಂದು ವಿದ್ಯಾ ತರಕಾರಿ ಕೊಳ್ಳುವ ದನಿಯಲ್ಲಿ ಕೇಳಿದಳು. ಭಟ್ಟರು ಗಣಪತಿಯ ಮುಖ ನೋಡಿ, ಒಂದಕ್ಕೆ ಒಪ್ಪಿದರು. ಸ್ಮಶಾನದ ಮಾತು ಕೇಳಿದ ಮೇಲೆ ಉಳಿದಿದ್ದ ಒಂದು ನಿಮಿಷದ ಲೆಕ್ಕ ಮರೆತೇಹೋಗಿತ್ತು.

ಮೊದಲ ಹುಕ್ ಟರ್ನಿನಲ್ಲಿ ನಾನು ಕಣ್ಣು ಮುಚ್ಚಿದ್ದೆ ಎಂದು ವಿದ್ಯಾ ಹೇಳುತ್ತಾಳೆ. ಅದು ಸುಳ್ಳು. ಒಂದೇ ಕಣ್ಣು. ಆದರೆ ಕಾರು ತಿರುಗಿತು! ಎರಡನೆಯದರಲ್ಲಿ ಭಟ್ಟರು "ಭಲೇ!" ಎಂದರು. ಮೂರನೆಯದರಲ್ಲಿ ಮೂವರೂ ಕೂಗಿ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ, ಸ್ಟೀರಿಂಗ್ ಬಿಟ್ಟು. ಸಿಗ್ನಲ್ಲುಗಳಲ್ಲಿ ಕಾದು ಕಾದು ಗಂಟೆ ಹನ್ನೊಂದಾದದ್ದು ಯಾರ ಗಮನಕ್ಕೂ ಬರಲಿಲ್ಲ.

ನಾಲ್ಕನೆಯದಕ್ಕೆ ನಾನು ಗರ್ವದಿಂದ ಜಂಕ್ಷನ್ ಪ್ರವೇಶಿಸಿದೆ. ಎಡಕ್ಕೆ ಒತ್ತಿ ನಿಲ್ಲಬೇಕಿತ್ತು. ನಿಂತದ್ದು ಒಂದು ಕಾರಿನಗಲ ಬಲಕ್ಕೆ. ಸರಿಯಾಗಿ ಟ್ರಾಮ್ ಹಳಿಯ ಮೇಲೆ.

ಹಿಂದೆ ಟ್ರಾಮ್ ಬಂದು ನಿಂತಿತು. ಎದುರಿನಿಂದ ಇನ್ನೊಂದು. ಎಡಕ್ಕೆ ಬಸ್ಸು. ಸರಿಯಾಗಿ ಆಗಲೇ ಭಟ್ಟರ ಫೋನು ಹೊಡೆದುಕೊಂಡಿತು.

"ಭಟ್ರೇ, ಎಲ್ಲಿದೀರಾ?" ಶ್ರುತಿಯ ದನಿ ಅಳುವ ಅಂಚಿನಲ್ಲಿತ್ತು. "ಮೂರೇ ನಿಮಿಷ ಇದೆ! ಹಾಲು ಉಕ್ಕೋಕೆ ಬಂದಿದೆ. ಪ್ರಸನ್ನ ಉರಿ ಸಣ್ಣ ಮಾಡಿ ಮಾಡಿ ತಡೀತಿದಾರೆ!"

ಭಟ್ಟರು ಒಂದು ಕ್ಷಣ ಕಿಟಕಿಯಾಚೆ ನೋಡಿದರು. ಆಮೇಲೆ ಫೋನನ್ನು ಸ್ಪೀಕರಿಗೆ ಹಾಕಿ, ಗಣಪತಿಯ ಮೇಲಿನ ಶಲ್ಯ ಸರಿಸಿದರು.

"ಉರಿ ದೊಡ್ದು ಮಾಡಿ. ಇಬ್ರೂ ಪೂರ್ವಕ್ಕೆ ತಿರುಗಿ ಕೈ ಮುಗೀರಿ."

ಮಂತ್ರ ಶುರುವಾಯಿತು. ಎಂಥ ಕಂಠ! ಅದೇ ಹೊತ್ತಿಗೆ ಹಿಂದಿನ ಟ್ರಾಮಿನಾಕೆ ಸಿಟ್ಟಿನಿಂದ ಗಂಟೆ ಬಾರಿಸತೊಡಗಿದಳು. ಠಣ್ ಠಣ್ ಠಣ್! ಎದುರಿನವನೂ ಸೇರಿಕೊಂಡ. ಬಸ್ಸಿನ ಹಾರ್ನು ಶಂಖದಂತೆ ಮೊಳಗಿತು. ಕಾರಿನೊಳಗೆ ನಾನೂ ವಿದ್ಯಾಳೂ ನಮಗರಿವಿಲ್ಲದೆ ಕೈ ಮುಗಿದಿದ್ದೆವು. ಟ್ರಾಮಿನ ಜನರೆಲ್ಲ ನಮ್ಮನ್ನೇ ನೋಡುತ್ತಿದ್ದರು.

"ಉಕ್ತು! ಪೂರ್ವಕ್ಕೇ ಉಕ್ತು!" ಎಂದು ಫೋನಿನಲ್ಲಿ ಶ್ರುತಿ ಕಿರುಚಿದಳು. ಗಡಿಯಾರ ನೋಡಿದೆ: ಹನ್ನೊಂದು ನಾಲ್ಕು.

ಸಿಗ್ನಲ್ ಹಸಿರಾಯಿತು. ಕಾರು ಬಲಕ್ಕೆ ತಿರುಗಿತು. ಪ್ರದಕ್ಷಿಣೆ ಸಂಪೂರ್ಣ!

ಮನೆ ಸೇರಿದಾಗ ಹನ್ನೊಂದು ನಲವತ್ತು. ಉಳಿದ ಪೂಜೆ ಸಾಂಗವಾಗಿ ನಡೆಯಿತು. ಊಟಕ್ಕೆ ಕೂತಾಗ ಪಕ್ಕದ ಮನೆಯ ಆಂಟಿ, "ಭಟ್ರೇ, ಫೋನಲ್ಲೇ ಆದ್ರೂ ಆ ಘಂಟಾನಾದ ಕೇಳಿ ಮೈ ಜುಮ್ಮೆಂತು. ಎಷ್ಟು ದೊಡ್ಡ ಗಂಟೆ ತಂದಿದ್ರಿ?" ಎಂದರು.

"ಟ್ರಾಮಿನಷ್ಟು ದೊಡ್ದು" ಎಂದರು ಭಟ್ಟರು, ತಲೆಯೆತ್ತದೆ.

ನನ್ನ ಮಾನ ಸ್ವಲ್ಪ ಮೇಲೆದ್ದಿತು. ನಾನಿಲ್ಲದಿದ್ದರೆ ಆ ನಾದ ಎಲ್ಲಿಂದ ಬರುತ್ತಿತ್ತು? ಅದೇ ಹುರುಪಿನಲ್ಲಿ, ಭಟ್ಟರು ಹೊರಟು ನಿಂತಾಗ ಕಾರಿನ ಕೀ ಕೈಗೆತ್ತಿಕೊಂಡೆ.

"ಬನ್ನಿ ಭಟ್ರೇ, ಮನೇವರೆಗೂ ನಾನೇ ಬಿಡ್ತೀನಿ."

ಭಟ್ಟರು ಗಣಪತಿಯನ್ನು ಎದೆಗೊತ್ತಿಕೊಂಡರು. ನನ್ನ ತಲೆಯ ಮೇಲೆ ಎರಡು ಕಾಳು ಅಕ್ಷತೆ ಹಾಕಿದರು. ಆಮೇಲೆ ಪ್ರಸನ್ನನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಇಲ್ಲಿಂದ ರೈಲ್ವೆ ಸ್ಟೇಷನ್‌ಗೆ ನಡ್ಕೊಂಡು ಹೋಗ್ಬಹುದಾ?"