ಅರವತ್ತೊಂಬತ್ತರ ಬಾಡಿ

ತಪ್ಪೆಲ್ಲ ಮೊಬೈಲ್ ಸಿಗ್ನಲ್ಲಿನದು. ಹರಪನಹಳ್ಳಿಯ ಆ ಓಣಿಯಲ್ಲಿ ಅದು ಮನೆಯೊಳಗೆ ನೆಟ್ಟಗೆ ಸಿಕ್ಕಿದ್ದರೆ, ಡ್ರಾಯಿಂಗ್ ಮಾಸ್ತರು ಗುರುಬಸವರಾಜ ಭಾನುವಾರ ಬೆಳಿಗ್ಗೆ ಅಂಗಳಕ್ಕೆ ಬಂದು ಕೂಗಾಡುತ್ತಿರಲಿಲ್ಲ. ಕಾಂಪೌಂಡಿನಾಚೆ ಬಟ್ಟೆ ಒಣಹಾಕುತ್ತಿದ್ದ ಜಂಬಮ್ಮನ ಕಿವಿಗೆ ಅದು ಬೀಳುತ್ತಲೂ ಇರಲಿಲ್ಲ.

"ಅಮ್ಜದ್, ಬಾಡಿ ಬಂತಪಾ! ಹೂಂ, ಅರವತ್ತೊಂಬತ್ತರದ್ದು. ಒಳಗಿನ ಕೋಣ್ಯಾಗ ಇಟ್ಟೀನಿ. ಶಿವಗಂಗಾ ದಾವಣಗೆರಿಯಿಂದ ಬರೋದ್ರೊಳಗ ಎಲ್ಲಾ ಮುಗಿಸಿಬಿಡಬೇಕು."

ಬಂದದ್ದು ಗೇಣುದ್ದದ ಪ್ಲಾಸ್ಟಿಕ್ ಬಾಡಿ. 1969ರ ಅಮೆರಿಕದ ಕಾರು, ಉದ್ದ ಮೂತಿಯದು, ರಾಕ್ಷಸ ಎಂಜಿನ್ನಿನದು. ಅದರ ಪುಟ್ಟ ಮಾದರಿಯನ್ನು ಮಾಸ್ತರು ಐದು ತಿಂಗಳಿಂದ ಕೂಡಿಸುತ್ತಿದ್ದರು. ಎಂಜಿನ್, ಸೀಟು, ಗಾಲಿ ಎಲ್ಲ ತಯಾರಿದ್ದವು. ಮೊದಲಿನ ಬಾಡಿಯ ಮೇಲೆ ಹೆಂಡತಿ ಶಿವಗಂಗಾ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟಿದ್ದರಿಂದ ಹೊಸದನ್ನು ಕೊರಿಯರಿನಲ್ಲಿ ತರಿಸಬೇಕಾಯಿತು. ಗ್ಯಾರೇಜಿನ ಅಮ್ಜದ್ ಬಣ್ಣ ಕೊಟ್ಟಿದ್ದ.

ಮಾಗಳದ ಅತ್ತೆ ಶಿವಬಸಮ್ಮನಿಗೆ ದಾವಣಗೆರೆಯಲ್ಲಿ ಕಣ್ಣಿನ ಆಪರೇಷನ್ ಆಗಿತ್ತು. ಶಿವಗಂಗಾ ಸಂಜೆ ತಾಯಿಯನ್ನು ಕರೆತರುವವಳು. ಎಂಟು ದಿನ ಆ ಕೋಣೆ ಅತ್ತೆಗೆ. ಅಷ್ಟರೊಳಗೆ ಮುಗಿದರೆ ಕಾರು ಶೋಕೇಸಿಗೆ, ಇಲ್ಲದಿದ್ದರೆ ಅಟ್ಟಕ್ಕೆ ಎಂದು ಹೆಂಡತಿಯ ಆಜ್ಞೆಯಾಗಿತ್ತು. ಅಟ್ಟದಲ್ಲಿ ಇಲಿಗಳಿದ್ದವು.

ಇತ್ತ ಜಂಬಮ್ಮನಿಗೆ ಇಡೀ ಓಣಿಯವರ, ಅವರ ಬೀಗರ ವಯಸ್ಸೂ ಬಾಯಿಪಾಠ. ಶಿವಬಸಮ್ಮನಿಗೆ ಅರವತ್ತೊಂಬತ್ತು.

"ಕಣ್ಣು ತೋರಿಸಾಕ ಹೋದಾಕಿ ಕಣ್ಣ ಮುಚ್ಚಿಬಿಟ್ಲಲ್ಲೇ ಪಕ್ಕೀರವ್ವಾ!" ಎಂದು ಎದುರುಮನೆಗೆ ಓಡಿದಳು. "ಬಾಡಿ ಮುಂದ ಕಳಿಸ್ಯಾರ. ಕಾಗದಪತ್ರ ಮುಗಿಸಿ ಮಗಳು ಹಿಂದಿಂದ ಬರ್ತಾಳಂತ."

ಹತ್ತು ಗಂಟೆಗೆ ಬಾಗಿಲು ಬಡಿಯಿತು. ಮಾಸ್ತರು ತೆರೆದರು. ಅಂಟಿನ ಘಾಟಿಗೆ ಅವರ ಕಣ್ಣು ಕೆಂಪಾಗಿ ನೀರು ಇಳಿಯುತ್ತಿತ್ತು. ಅದನ್ನು ಕಂಡು ಪಕ್ಕೀರಮ್ಮನೂ ಅತ್ತಳು.

"ಒಂದ್ಸಲ ಮುಖ ನೋಡಿ ಹೋಗ್ತೀವ್ರಿ ಮಾಸ್ತರ್ರ," ಎಂದಳು ಜಂಬಮ್ಮ.

ತನ್ನ ಕಾರಿಗೆ ಇಷ್ಟು ಅಭಿಮಾನಿಗಳೇ ಎಂದು ಮಾಸ್ತರರ ಎದೆ ಉಬ್ಬಿತು. "ಈಗ ಬ್ಯಾಡ್ರಿ, ಧೂಳು ಕುಂತ್ರ ಬಾಡಿ ಕೆಡ್ತೈತಿ. ಕೆಂಪು ಬಣ್ಣ ಹೊಡದೀನಿ, ಇನ್ನೂ ಹಸೀ ಐತಿ. ಮ್ಯಾಲ ಎರಡು ಬಿಳೇ ಪಟ್ಟಿ ಎಳದ್ರ ಆತು."

"ಎರಡ ಯಾಕ್ರಿ? ವಿಭೂತಿ ಮೂರು ಪಟ್ಟಿ ಅಲ್ಲೇನು?" ಎಂದಳು ಪಕ್ಕೀರಮ್ಮ.

"ಅಮೇರಿಕಾದಾಗ ಎರಡರೀ," ಎಂದು ಮಾಸ್ತರು ಕದ ಹಾಕಿಕೊಂಡರು.

"ದುಃಖ ತಲಿಗೇರೈತಿ," ಎಂದಳು ಜಂಬಮ್ಮ. "ಪಾಪ, ಎಲ್ಲಾ ನಾವ ಮಾಡಬೇಕು."

ಮಾಡಿಯೂ ಮಾಡಿದರು. ಸಂಜೆ ನಾಲ್ಕಕ್ಕೆ ಮುಂದಿನ ಬಂಪರೊಂದೇ ಬಾಕಿ ಇದ್ದಾಗ ಮಾಸ್ತರರಿಗೆ ತಾಳದ ಸದ್ದು ಕೇಳಿಸಿತು. ಹೊರಗೆ ಇಣುಕಿದರೆ ಶಾಮಿಯಾನ, ಭಜನೆ ಮೇಳ, ಸಾಲು ಕುರ್ಚಿ. ನಡುವೆ ಕ್ರಿಯಾಕರ್ಮ ಮಾಡಿಸುವ ಕೊಟ್ರಸ್ವಾಮಿ ಬಿದಿರಿಗೆ ಬಾಳೆಕಂಬ ಬಿಗಿದು ಹೂ ಸುತ್ತುತ್ತಿದ್ದರು.

"ಮಾಸ್ತರ್ರ, ವಿಮಾನ ತಯಾರಾತು. ಬಾಡಿ ತರ್ರಿ."

"ವಿಮಾನ ಅಲ್ರಿ ಸ್ವಾಮೇರ, ಕಾರು."

"ಕಾರಿನ್ಯಾಗ ಒಯ್ಯಬಾರ್ದ್ರಿ. ವಿಮಾನದಾಗ ಕುಂದರಿಸಿ ಮಣ್ಣಿಗೆ ಒಯ್ಯೋದು ನಮ್ಮ ಪದ್ಧತಿ."

ಮಾಸ್ತರರಿಗೆ ಆಗ ಹೊಳೆಯಿತು. ಒಳಗೋಡಿ ಕಾರನ್ನು ಅಂಗೈ ಮೇಲೆ ಹೊತ್ತು ತಂದರು. "ಇದರೀ ಬಾಡಿ! ಅರವತ್ತೊಂಬತ್ತರದ್ದು!"

ಭಜನೆ ನಿಂತಿತು. ಅದೇ ಹೊತ್ತಿಗೆ ಗೇಟಿನಲ್ಲಿ ಆಟೋ ನಿಂತು ಶಿವಗಂಗಾ ಇಳಿದಳು. ಹಿಂದೆ ಕಪ್ಪು ಕನ್ನಡಕದ ಶಿವಬಸಮ್ಮ. ಪಕ್ಕೀರಮ್ಮ ಚಿಟ್ಟನೆ ಚೀರಿದಳು.

"ಯಾರವ್ವಾ ಹೋದೋರು?" ಕೇಳಿದರು ಶಿವಬಸಮ್ಮ.

"ನೀವ ರೀ!" ಎಂದುಬಿಟ್ಟಳು ಜಂಬಮ್ಮ. ಆದ ತಪ್ಪಿಗೆ ತೇಪೆ ಹಚ್ಚಬೇಕಲ್ಲ, ಮಾಸ್ತರರನ್ನು ಮುಂದೆ ನೂಕಿದಳು. "ನಿಮ್ಮ ಅಳಿಯಾರು ಮುಂಜಾನಿಂದ ಅತ್ತೂ ಅತ್ತೂ ಕಣ್ಣು ಹೆಂಗಾಗ್ಯಾವು ನೋಡ್ರಿ!"

ಶಿವಬಸಮ್ಮ ಕನ್ನಡಕ ಸರಿಸಿ ಹೊಸ ಕಣ್ಣಿನಿಂದ ಅಳಿಯನನ್ನು ದಿಟ್ಟಿಸಿದರು.

"ಕಣ್ಣು ಮಾಡಿಸಿದ್ದು ಸಾರ್ಥಕ ಆತವ್ವಾ. ನನಗಂತ ಇಷ್ಟು ಅಳೋರು ಅದಾರಂತ ಗೊತ್ತ ಇರಲಿಲ್ಲ."

ಅಲ್ಲ, ಅದು ಅಂಟಿನ ಘಾಟು ಎನ್ನಲು ಮಾಸ್ತರು ಬಾಯಿ ತೆರೆದರು. ಹೆಂಡತಿ ನೋಡಿದ ನೋಟಕ್ಕೆ ಬಾಯಿ ತಾನಾಗಿ ಮುಚ್ಚಿತು.

"ಎಂಟು ದಿನಕ್ಕಂತ ಬಂದಿದ್ದೆ," ಶಿವಬಸಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ಇನ್ನ ಮಾಗಳಕ್ಕ ಹೋಗಂಗಿಲ್ಲ. ಆ ಕೋಣ್ಯಾಗ ಇರ್ತೀನಿ. ಹೋದ್ರ ನನ್ನ ಬಾಡಿನ ಹೋಗಬೇಕು."

ಶಿವಗಂಗಾ ಗಂಡನ ಅಂಗೈಯಿಂದ ಬಂಪರಿಲ್ಲದ ಕಾರನ್ನು ಎತ್ತಿಕೊಂಡು, ಅಟ್ಟದ ಏಣಿ ಎಲ್ಲಿದೆಯೆಂದು ಕಣ್ಣಾಡಿಸಿದಳು. ಮಾಸ್ತರರ ಕಣ್ಣಲ್ಲಿ ಈ ಸಲ ಅಂಟಿನ ಹಂಗಿಲ್ಲದೆ ನೀರು ಬಂತು.

"ನೋಡ್ರಿ, ನೋಡ್ರಿ, ಮತ್ತ ಅಳಾಕತ್ಯಾರ!" ಎಂದಳು ಜಂಬಮ್ಮ.