ಗಟ್ಟಿ ಮೊಸರು, ಅರ್ಧ ಮೀಸೆ

ಕೋಡಿಹಳ್ಳಿಯ ಪಂಚಾಯಿತಿ ಗುಮಾಸ್ತ ಅನಂತರಾಜುವಿನ ಮೀಸೆಗೆ ಕುತ್ತು ತಂದದ್ದು ಒಂದು ಬೆಕ್ಕು. ಶುಕ್ರವಾರ ಬೆಳಗಾಗುವಷ್ಟರಲ್ಲಿ ಅದು ಮೊಸರಿನ ಮಡಕೆ ಉರುಳಿಸಿ, ತಳದವರೆಗೆ ನೆಕ್ಕಿ, ಹೆಪ್ಪಿಗೆಂದು ಒಂದು ಚಮಚವನ್ನೂ ಉಳಿಸದೆ ಹೋಗಿತ್ತು.

ಹೊಟ್ಟೆಯುಬ್ಬರಕ್ಕೆಂದು ಹೋದಾಗ ಕನಕಪುರದ ಡಾಕ್ಟರು, "ದಿನಾ ಒಂದು ಬಟ್ಟಲು ತಾಜಾ ಮೊಸರು ತಿನ್ನಿ. ಸಕ್ಕರೆ, ಬಣ್ಣ ಹಾಕಿದ್ದು ಬೇಡ. ಮನೇದಾಗಲಿ, ಪ್ಯಾಕೆಟ್ಟಾಗಲಿ ಪರವಾಗಿಲ್ಲ" ಎಂದಿದ್ದರು. ಕೊನೆಯ ಮಾತನ್ನು ಅನಂತರಾಜು ಕಿವಿಗೇ ಹಾಕಿಕೊಳ್ಳಲಿಲ್ಲ. ಅಂದಿನಿಂದ ಅವನು ಮೊಸರಿನ ಪಂಡಿತನಾಗಿಬಿಟ್ಟ. ಹೋದ ವಾರ ಬಸ್ ಸ್ಟಾಪಿನ ತಾಜ್ ಪಾಷಾನ ಅಂಗಡಿಯಲ್ಲಿ, ಫ್ರಿಜ್ಜಿನ ಮುಂದೆ ನಿಂತು, ಹತ್ತು ಜನರೆದುರು ಸವಾಲನ್ನೂ ಹಾಕಿದ್ದ.

"ನಮ್ಮನೆ ಮೊಸ್ರಲ್ಲಿ ನಿನ್ ಪ್ಯಾಕೆಟ್ಟಿಂದು ಒಂದ್ ತೊಟ್ಟು ಐತೆ ಅಂತ ತೋರ್ಸು ಪಾಷಾ, ಅರ್ಧ ಮೀಸೆ ಬೋಳಿಸ್ಕತೀನಿ!"

ಅದು ಇಪ್ಪತ್ತು ವರ್ಷ ಕೊಬ್ಬರಿ ಎಣ್ಣೆ ಕುಡಿಸಿ ಸಾಕಿದ ಮೀಸೆ.

"ಪಾಷಣ್ಣನ ಅಂಗ್ಡೀಲಿ ಒಂದ್ ಪ್ಯಾಕೆಟ್ ತಂದು ಹೆಪ್ಪಾಕಾಣ ಬುಡಿ" ಎಂದಳು ಹೆಂಡತಿ ಶ್ವೇತ.

"ನನ್ ಮೀಸೆ ಗತಿ ಏನಾಗ್ಬೇಕೇ?" ಎಂದವನೇ ಅನಂತರಾಜು ಲೋಟ ಹಿಡಿದು ಹೊರಟ.

ಪಕ್ಕದ ಮನೆಯ ದೊಡ್ಡಲಕ್ಷ್ಮಮ್ಮ ಗಲ್ಲದ ಮೇಲೆ ಕೈಯಿಟ್ಟರು. "ಶುಕ್ರವಾರ ಯಾರಾದ್ರೂ ಹೆಪ್ಪು ಆಚೆ ಕೊಡ್ತಾರೇನ್ಲಾ? ಲಕ್ಷ್ಮಿ ಹೊಂಟೋಗ್ತಾಳೆ. ಬೇಕಾದ್ರೆ ಇಲ್ಲೇ ಕೂತ್ಕಂಡು ತಿನ್ನು."

ಬೇಡವೆಂದರೂ ಬಿಡದೆ ಅನ್ನದ ಮೇಲೆ ಎರಡು ಸಲ ಮೊಸರು ಸುರಿದರು. ಕಣ್ಣು ತಪ್ಪಿಸಿ ಕೊನೆಯ ಚಮಚವನ್ನು ಲೋಟಕ್ಕೆ ಇಳಿಸಲು ಹೋದಾಗ ಅವನ ಕೈ ಮೇಲೆ ಸೌಟಿನಿಂದ ಒಂದು ಬಿತ್ತು.

ಉಬ್ಬಿದ ಹೊಟ್ಟೆ ಸವರಿಕೊಳ್ಳುತ್ತ ಅವನು ನಾಲ್ಕು ಹಸುಗಳ ಒಡೆಯ ಹುಚ್ಚಯ್ಯನ ಮನೆಗೆ ಬಂದ.

"ಹಾಲೆಲ್ಲ ಡೈರಿಗೆ ಹೊಂಟೋಯ್ತದೆ ಕಣ್ಲಾ" ಎಂದು ಹುಚ್ಚಯ್ಯ ನಕ್ಕ. "ನಮ್ಮನೇಲೂ ಪಾಷಾನ ಪ್ಯಾಕೆಟ್ಟೇಯಾ. ಒಸಿ ರುಚಿ ನೋಡ್ತೀಯಾ?"

ಅನಂತರಾಜು ಕೆಂಡ ತುಳಿದವನಂತೆ ಹಿಂದಕ್ಕೆ ಹಾರಿದ. ಹಾರಿದ ರಭಸಕ್ಕೆ ಒಂದು ಕಾಲು ಕೊಟ್ಟಿಗೆಯ ಗಂಜಲದ ಗುಂಡಿಗೆ ಇಳಿಯಿತು.

"ಗುಲ್ಜಾರ್ ಬೀ ಮನೆಗೋಗು. ಊರಿಗೇ ಗಟ್ಟಿ ಮೊಸ್ರು ಅವ್ರುದು" ಎಂದು ಹುಚ್ಚಯ್ಯನೇ ಕೈಹಿಡಿದು ಎತ್ತಿದ.

ಗುಲ್ಜಾರ್ ಬೀ ಬೇರೆ ಯಾರೂ ಅಲ್ಲ, ತಾಜ್ ಪಾಷಾನ ತಾಯಿ. ತಾನು ಸವಾಲು ಹಾಕಿದ ಪಾಷಾನ ಮನೆಗೇ ಲೋಟ ಹಿಡಿದು ಹೋಗಲು ನಾಚಿಕೆಯಾದರೂ ಮೀಸೆಯ ಮೇಲಿನ ಆಸೆ ದೊಡ್ಡದು. ಆಕೆ ಅವನ ಕಾಲಿಗೆ ನೀರು ಕೊಟ್ಟು, ಬಟ್ಟಲ ತುಂಬ ಕೆನೆಮೊಸರು ತಂದಿಟ್ಟರು. ಮೊದಲ ಚಮಚಕ್ಕೇ ಅನಂತರಾಜುವಿನ ಕಣ್ಣು ತಾನಾಗಿ ಮುಚ್ಚಿತು.

"ಇದಪ್ಪಾ ಮೊಸ್ರು ಅಂದ್ರೆ! ಥೇಟ್ ನಮ್ಮನೇದೇ! ಪಾಷಾ, ಬಾರಯ್ಯ ಇಲ್ಲಿ. ಪ್ಯಾಕೆಟ್ಟಲ್ಲಿ ಬತ್ತದಾ ಈ ರುಚಿ?"

ಊಟಕ್ಕೆ ಬಂದಿದ್ದ ಪಾಷಾ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತ.

"ನಿಮ್ಮನೇದೇ ಬೇಟಾ" ಎಂದರು ಗುಲ್ಜಾರ್ ಬೀ. "ಹೆಪ್ಪು ಕೊಟ್ಟಿದ್ದು ನಿನ್ ಹೆಂಡ್ತೀನೇ."

"ಕೇಳುಸ್ಕಂಡ್ಯಾ ಪಾಷಾ?" ಎಂದು ಅನಂತರಾಜು ಎದೆಯುಬ್ಬಿಸಿದ.

"ಸಂಕ್ರಾಂತೀಲಿ ನಿಮ್ಮನೆ ಹೆಪ್ಪು ಕೆಟ್ಟೋಗಿತ್ತಲ್ಲಾ?" ಎಂದು ಗುಲ್ಜಾರ್ ಬೀ ಮಾತು ಮುಂದುವರಿಸಿದರು. "ಶ್ವೇತಮ್ಮ ನಮ್ ಅಂಗ್ಡಿಯಿಂದ್ಲೇ ಪ್ಯಾಕೆಟ್ ತಕ್ಕಂಡೋಗಿ ಹೆಪ್ಪಾಕಿದ್ಲು. ಏನ್ ಗಟ್ಟಿ ಬಂತು ಅಂತೀಯಾ! ನಾನೂ ಒಸಿ ಇಸ್ಕಂಡೆ."

ಚಮಚ ಬಾಯಲ್ಲೇ ಉಳಿಯಿತು. ಎರಡೂ ಕೈ ಮೀಸೆಗೆ ಹೋದವು. ಪಾಷಾ ನಗಲಿಲ್ಲ, ಅದನ್ನು ಕಂಡೇ ಅನಂತರಾಜುವಿಗೆ ಹೆಚ್ಚು ಭಯವಾಯಿತು.

"ಮೀಸೆ ಇರ್ಲಿ ಬುಡಿ ರಾಜಣ್ಣ" ಎಂದ ಪಾಷಾ. "ನಿಮ್ ಮುಖಕ್ಕೆ ಅದೊಂದೇ ಕಳೆ. ಆದ್ರೆ ಇನ್ಮೇಲೆ ನನ್ ವ್ಯಾಪಾರಕ್ಕೆ ಅಡ್ಡ ಬರಂಗಿಲ್ಲ."

"ನಿಮ್ಮಮ್ಮನಾಣೆ ಬರಲ್ಲ ಕಣಪ್ಪಾ!"

ಲೋಟದ ತುಂಬ ಹೆಪ್ಪು ಹಿಡಿದು ಅನಂತರಾಜು ಕುಣಿಯುತ್ತಲೇ ಮನೆಗೆ ಬಂದ. ಹೆಂಡತಿಯನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ತಾನೂ ಏನಾದರೂ ಹೇಳಬೇಕಾಗುತ್ತಿತ್ತು.

ಸಂಜೆ ಮೀಸೆಗೆ ಎಣ್ಣೆ ಹಚ್ಚಿ ಬಸ್ ಸ್ಟಾಪಿನ ಕಡೆ ಹೊರಟ. ಪಾಷಾನ ಅಂಗಡಿಯ ಮುಂದೆ ಜಾತ್ರೆಯಷ್ಟು ಜನ. ಹುಚ್ಚಯ್ಯನ ಕೈಯಲ್ಲಿ ಎರಡು ಪ್ಯಾಕೆಟ್. ಶುಕ್ರವಾರ ಕಾಸು ಬಿಚ್ಚಬಾರದೆಂಬುದನ್ನೂ ಮರೆತು ಬಂದ ದೊಡ್ಡಲಕ್ಷ್ಮಮ್ಮನ ಕೈಯಲ್ಲಿ ಮೂರು. ಎಲ್ಲರೂ ಅವನತ್ತ ತಿರುಗಿ ಕಿಸಕ್ಕೆಂದರು.

ಫ್ರಿಜ್ಜಿಗೆ ಒಂದು ಸ್ಲೇಟು ತೂಗುಹಾಕಿತ್ತು: "ಅನಂತರಾಜು ಅವರ ಮನೆಯ ಗಟ್ಟಿ ಮೊಸರು ಇಲ್ಲಿ ಸಿಗುತ್ತದೆ."

ಕೆಳಗೆ ಗುರುತಿಗೆಂದು ಸೀಮೆಸುಣ್ಣದಲ್ಲಿ ಬರೆದಿದ್ದದ್ದು ಅರ್ಧ ಮೀಸೆ.